ಹೆಪ್ಪು ಕೊಡುವವರ ಹುಡುಕಾಟ

22 ವರ್ಷ ನಾನು ಮಲದಲ್ಲಿ ರೋಗ ಹುಡುಕಿದವಳು. ಆಸ್ಪತ್ರೆಯ ಪ್ರಯೋಗಾಲಯಕ್ಕೆ ದಿನವೂ ಬರುವ ಪುಟ್ಟ ಡಬ್ಬಿಗಳಲ್ಲಿ ಕಾಲರಾ ಇದೆಯೇ, ಆಮಶಂಕೆಯ ಅಮೀಬಾ ಇದೆಯೇ, ಕೊಕ್ಕೆಹುಳುವಿನ ಮೊಟ್ಟೆ ಇದೆಯೇ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಏನೂ ಕಾಣದ ಡಬ್ಬಿ ಹಳದಿ ಚೀಲ ಸೇರುತ್ತಿತ್ತು, ಅಲ್ಲಿಂದ ಬೆಂಕಿಗೆ. ಕಳೆದ 6 ವರ್ಷಗಳಿಂದ ನಾನು ಕಾಯುತ್ತಿರುವುದು ಆ ‘ಏನೂ ಕಾಣದ’ ಡಬ್ಬಿಗಾಗಿಯೇ. ಆರೋಗ್ಯವಂತರ ಮಲದಲ್ಲಿರುವ ಬ್ಯಾಕ್ಟೀರಿಯಾಗಳನ್ನು ಶೋಧಿಸಿ, ಕಾಪಿಟ್ಟು, ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಗೆ ಮಲ ಕಸಿ ಎನ್ನುತ್ತಾರೆ. ಕೊಳವೆ ಇಳಿಸುವವರು ಜಠರ-ಕರುಳು ತಜ್ಞರು. ಆ ಕೊಳವೆಯಲ್ಲಿ ಏನು ಹೋಗಬೇಕು ಎಂಬುದರ ಹೊಣೆ ನನ್ನದು.

ಮೊದಲ ರೋಗಿ 71 ವರ್ಷದ ಹಿರಿಯರು. ಸೊಂಟದ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಕೊಟ್ಟ ಆಂಟಿಬಯಾಟಿಕ್‌ಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಗುಡಿಸಿ ಹಾಕಿದ್ದವು. ಖಾಲಿಯಾದ ಜಾಗದಲ್ಲಿ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಬಂದು ಕುಳಿತಿತ್ತು. ದಿನಕ್ಕೆ ಹತ್ತು ಹನ್ನೆರಡು ಸಲ ಭೇದಿ. ವ್ಯಾಂಕೊಮೈಸಿನ್ ಕೊಟ್ಟರೆ ನಿಲ್ಲುತ್ತಿತ್ತು, ಔಷಧ ಮುಗಿದ ಎರಡು ವಾರಕ್ಕೆ ಮತ್ತೆ ಶುರು. ಆ ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದು ಬಿಟ್ಟುಹೋದ ಬೀಜಾಣುಗಳನ್ನು ಕೊಲ್ಲುವುದಿಲ್ಲ. 2013ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಪ್ರಕಟಿಸಿದ ಫಲಿತಾಂಶವನ್ನು ನಮ್ಮ ತಜ್ಞರು ನನ್ನ ಮೇಜಿನ ಮೇಲೆ ತಂದಿಟ್ಟರು. ಒಂದೇ ಕಸಿಯಿಂದ 16 ಮಂದಿಯಲ್ಲಿ 13 ಮಂದಿಗೆ ಗುಣವಾಗಿತ್ತು. ವ್ಯಾಂಕೊಮೈಸಿನ್ ಮಾತ್ರ ಪಡೆದವರಲ್ಲಿ ಗುಣವಾದವರು 13ರಲ್ಲಿ 4 ಮಂದಿ. ವ್ಯತ್ಯಾಸ ಎಷ್ಟು ದೊಡ್ಡದಾಗಿತ್ತೆಂದರೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಅಮೆರಿಕದ ಡೆನ್ವರ್‌ನಲ್ಲಿ ಬೆನ್ ಐಸ್‌ಮನ್ ಎಂಬ ಶಸ್ತ್ರವೈದ್ಯರು 1958ರಷ್ಟು ಹಿಂದೆಯೇ ನಾಲ್ವರಿಗೆ ಇದನ್ನು ಎನಿಮಾ ಮೂಲಕ ಕೊಟ್ಟು ಉಳಿಸಿಕೊಂಡಿದ್ದರು ಎಂಬುದೂ ನನಗೆ ಆಗಲೇ ತಿಳಿದದ್ದು.

ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಆ ಹಿರಿಯರ ಸೋದರಳಿಯನನ್ನು ಪರೀಕ್ಷಿಸಿ, ಕಸಿ ಮಾಡಿದೆವು. ಮೂರನೆಯ ದಿನ ಅವರು ಗಟ್ಟಿ ಊಟ ಕೇಳಿದರು. ಹತ್ತನೆಯ ದಿನ ಮನೆಗೆ ಹೋದರು. ಪ್ರಯೋಗಾಲಯದವರಿಗೆ ಗುಣವಾದವರ ಮುಖ ನೋಡುವ ಭಾಗ್ಯ ಕಡಿಮೆ. ಅಂದು ನಾನು ವಾರ್ಡಿನ ಬಾಗಿಲಿನಲ್ಲಿ ನಿಂತು ನೋಡಿದೆ.

ಆ ಕಥೆ ಒಂದರ್ಥದಲ್ಲಿ ಸರಳ. ಜಾಗ ಖಾಲಿ ಇತ್ತು, ತುಂಬಿದೆವು. ನಾನು ಹೆಚ್ಚು ಹೇಳಬೇಕೆಂದಿರುವುದು ಎರಡನೆಯ ರೋಗಿಯ ಬಗ್ಗೆ. 26 ವರ್ಷದ ಶಿಕ್ಷಕಿ, ನಾಲ್ಕು ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್. ಇಲ್ಲಿ ಹೊರಗಿನಿಂದ ಬಂದ ಶತ್ರು ಯಾರೂ ಇಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ದೊಡ್ಡ ಕರುಳಿನ ಒಳಪದರದ ಮೇಲೆ ಎರಗುತ್ತದೆ, ಹುಣ್ಣಾಗುತ್ತದೆ, ರಕ್ತ ಹೋಗುತ್ತದೆ. ಮೆಸಲಮೈನ್ ಮಾತ್ರೆ ಸಾಲದೆ ಆಕೆ ಪದೇ ಪದೇ ಸ್ಟಿರಾಯ್ಡ್ ನುಂಗಿದ್ದಳು. ಮುಖ ಊದಿಕೊಂಡಿತ್ತು. ಪಾಠದ ನಡುವೆ ಶೌಚಾಲಯಕ್ಕೆ ಓಡಬೇಕಾಗುತ್ತದೆ ಎಂದು ಶಾಲೆಯನ್ನು ಬಿಡುವ ಯೋಚನೆಯಲ್ಲಿದ್ದಳು.

ಬ್ಯಾಕ್ಟೀರಿಯಾಕ್ಕೂ ಈ ಒಳಜಗಳಕ್ಕೂ ಏನು ಸಂಬಂಧ? ನಾವು ತಿನ್ನುವ ನಾರಿನಲ್ಲಿ ಹೆಚ್ಚಿನದು ಜೀರ್ಣವಾಗದೆ ದೊಡ್ಡ ಕರುಳು ತಲುಪುತ್ತದೆ. ಅಲ್ಲಿ ಫೀಕ್ಯಾಲಿಬ್ಯಾಕ್ಟೀರಿಯಮ್‌ನಂಥ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನ ಆಮ್ಲ ಮಾಡುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ. ಅಷ್ಟೇ ಅಲ್ಲ, ನಿಯಂತ್ರಕ ಟಿ ಕೋಶಗಳು ಬೆಳೆಯಲು ಅದು ನೆರವಾಗುತ್ತದೆ. ರೋಗನಿರೋಧಕ ವ್ಯವಸ್ಥೆಗೆ ‘ಸಾಕು, ಇವರು ನಮ್ಮವರೇ’ ಎಂದು ಹೇಳಿ ತಡೆಯುವ ಕೋಶಗಳು ಇವು. ಕೊಲೈಟಿಸ್ ಇರುವವರ ಕರುಳಿನಲ್ಲಿ ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾಗಳು ಕಡಿಮೆ. ಜಪಾನಿನ ಕೆನ್ಯಾ ಹೋಂಡಾ ಅವರ ತಂಡ 2013ರಲ್ಲಿ ಆರೋಗ್ಯವಂತ ಮನುಷ್ಯನ ಮಲದಿಂದ 17 ತಳಿಗಳನ್ನು ಆಯ್ದು ಇಲಿಗಳಿಗೆ ಕೊಟ್ಟಾಗ ಈ ತಡೆಯುವ ಕೋಶಗಳು ಹೆಚ್ಚಿದವು, ಕೊಲೈಟಿಸ್ ತಗ್ಗಿತು. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ಇಷ್ಟು ವರ್ಷ ಹಳದಿ ಚೀಲಕ್ಕೆ ಎಸೆದದ್ದು ನೆನಪಾಗುತ್ತಿತ್ತು.

ದಾನಿಯ ಹುಡುಕಾಟವೇ ಇಡೀ ಕೆಲಸದ ಮುಕ್ಕಾಲು ಪಾಲು. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಲ ಕಸಿಯಿಂದ ಕೊಲೈಟಿಸ್ ಶಮನವಾದವರು 9 ಮಂದಿ. ಅವರಲ್ಲಿ 7 ಮಂದಿಗೆ ಕೊಟ್ಟದ್ದು ಒಬ್ಬನೇ ದಾನಿಯ ಮಲ. ಈ ಒಂದು ಸಂಗತಿ ನನ್ನ ತಲೆಯಿಂದ ಎಂದೂ ಇಳಿದಿಲ್ಲ. ಔಷಧದ ಹೆಸರು ಒಂದೇ, ಆದರೆ ಪ್ರತಿ ದಾನಿಯೂ ಬೇರೆಯೇ ಔಷಧ.

18 ದಾಟಿರಬೇಕು, ಸಕ್ಕರೆ ಕಾಯಿಲೆ, ಬೊಜ್ಜು, ಅಸ್ತಮಾ, ಸ್ವಯಂ ನಿರೋಧಕ ಕಾಯಿಲೆ ಇರಬಾರದು, ಮೂರು ತಿಂಗಳಿಂದ ಆಂಟಿಬಯಾಟಿಕ್ ತೆಗೆದುಕೊಂಡಿರಬಾರದು. ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆ. ಮಲದಲ್ಲಿ ಹುಳು, ಅಮೀಬಾ, ಸಾಲ್ಮೊನೆಲ್ಲಾ, ರೋಟಾವೈರಸ್, ಸಿ. ಡಿಫಿಸಿಲ್. ಕೊನೆಗೆ ಬರುವುದು ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಾಗಳ ಪರೀಕ್ಷೆ, ನಮ್ಮಲ್ಲಿ ಹೆಚ್ಚಿನವರು ಬೀಳುವುದು ಇಲ್ಲಿ. ಒಂದು ದಿನವೂ ಹಾಸಿಗೆ ಹಿಡಿಯದ, ಕಟ್ಟುಮಸ್ತಾದ ವೈದ್ಯಕೀಯ ವಿದ್ಯಾರ್ಥಿಗಳ ಮಲದಲ್ಲೂ ಹಲವು ಆಂಟಿಬಯಾಟಿಕ್‌ಗಳನ್ನು ಒಡೆದುಹಾಕುವ ಇಎಸ್‌ಬಿಎಲ್ ಎಂಬ ಕಿಣ್ವಗಳನ್ನು ಮಾಡುವ ಇ. ಕೋಲೈ ಬ್ಯಾಕ್ಟೀರಿಯಾ ಬೆಳೆಯಿತು. ಅವರಿಗೆ ಅದರಿಂದ ತೊಂದರೆಯಿಲ್ಲ. ಸ್ಟಿರಾಯ್ಡ್ ನುಂಗಿ ಪ್ರತಿರೋಧ ಕುಗ್ಗಿದವರ ಕರುಳಿಗೆ ಅದೇ ಹೋದರೆ? 2019ರಲ್ಲಿ ಅಮೆರಿಕದಲ್ಲಿ ಹಾಗೆಯೇ ಆಯಿತು. ಆ ಪರೀಕ್ಷೆ ಮಾಡದ ಮಲದಿಂದ ಇಬ್ಬರಿಗೆ ಸೋಂಕು ತಗುಲಿತು, ಒಬ್ಬರು ತೀರಿಕೊಂಡರು. ಮನೆಯಲ್ಲೇ ಎನಿಮಾ ಡಬ್ಬಿ ತಂದು ಅಣ್ಣನದನ್ನೋ ತಮ್ಮನದನ್ನೋ ಕೊಡಬಹುದೇ ಎಂದು ಫೋನು ಮಾಡಿ ಕೇಳುವವರಿಗೆ ನಾನು ಮೊದಲು ಹೇಳುವುದು ಈ ಸಾವಿನ ವಿಷಯವನ್ನೇ. ದಯವಿಟ್ಟು ಬೇಡ.

ಬಂದವರಲ್ಲಿ ಕೊನೆಗೆ ಇಬ್ಬರು ಉಳಿದರು. ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ. ಇನ್ನೊಬ್ಬರು ನಂಜನಗೂಡಿನ ಕಡೆಯ ರೈತರು, 34 ವರ್ಷ, ಎರಡು ಹೊತ್ತು ಮುದ್ದೆ, ಹುರುಳಿ ಅಥವಾ ಅವರೆಯ ಸಾರು, ಹೊಲದ ಬದುವಿನ ಸೊಪ್ಪು. ಮುದ್ದೆ ತಿಂದವರೆಲ್ಲರೂ ಒಳ್ಳೆಯ ದಾನಿಗಳಾಗುತ್ತಾರೆ ಎಂದು ಯಾರೂ ತಿಳಿಯಬಾರದು, ಅದೇ ಊರಿನ ಇನ್ನಿಬ್ಬರು ಪರೀಕ್ಷೆಯಲ್ಲಿ ಉಳಿಯಲಿಲ್ಲ. ದೆಹಲಿಯ ಏಮ್ಸ್‌ನವರು 2022ರಲ್ಲಿ ಪ್ರಕಟಿಸಿದ ಕೊಲೈಟಿಸ್ ಪ್ರಯೋಗದಲ್ಲಿ ಹಳ್ಳಿಯ ದಾನಿಗಳನ್ನು ಆರಿಸಿಕೊಂಡು, ಕಸಿಯ ಜೊತೆಗೆ ಉರಿಯೂತ ತಗ್ಗಿಸುವ ಊಟದ ಕ್ರಮವನ್ನೂ ಹೇಳಿ ಒಳ್ಳೆಯ ಫಲ ಕಂಡಿದ್ದಾರೆ.

ತಯಾರಿಯ ವಿಷಯ. 50 ಗ್ರಾಂ ಮಲಕ್ಕೆ ಸುಮಾರು 200 ಮಿಲಿಲೀಟರ್ ಸಲೈನ್ ಸೇರಿಸಿ ಕಲಕಬೇಕು, ಸೋಸಬೇಕು, ಶೇಕಡ 10ರಷ್ಟು ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಗ್ಲಿಸರಾಲ್ ಇಲ್ಲದಿದ್ದರೆ ಮಂಜಿನ ಹರಳುಗಳು ಬ್ಯಾಕ್ಟೀರಿಯಾಗಳನ್ನು ಸೀಳಿಬಿಡುತ್ತವೆ. ಇದೆಲ್ಲವೂ ದಾನಿ ಶೌಚಾಲಯದಿಂದ ಹೊರಬಂದ 6 ಗಂಟೆಗಳೊಳಗೆ ಮುಗಿಯಬೇಕು. ಮೊದಲು ನಾವು ಮಿಕ್ಸಿ ಬಳಸಿದೆವು. ಅದು ತಪ್ಪೆಂದು ನನಗೆ ಹೊಳೆದದ್ದು ಮಿಕ್ಸಿಯೊಳಗಿನ ನೊರೆ ನೋಡಿದಾಗ. ನೊರೆಯೆಂದರೆ ಗಾಳಿ. ನಮಗೆ ಬೇಕಾದ ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕವೇ ವಿಷ. ಆಸ್ಟ್ರೇಲಿಯಾದವರು ಗಾಳಿ ಸೋಕದಂತೆ ತಯಾರಿಸಿದ ಮಲದಿಂದ ನಡೆಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಅಲ್ಲಿ ಕೊಲೈಟಿಸ್ ಶಮನವಾದವರು ಶೇಕಡ 32, ಹೋಲಿಕೆಯ ಗುಂಪಿನಲ್ಲಿ ಶೇಕಡ 9. ಅವರಲ್ಲಿದ್ದಂಥ ಸಲಕರಣೆ ಕೊಳ್ಳುವ ಹಣ ನಮ್ಮಲ್ಲಿರಲಿಲ್ಲ. ಮಿಕ್ಸಿಯನ್ನು ಬಿಟ್ಟೆವು. ಒಳಗೇ ಜಾಲರಿ ಇರುವ ದಪ್ಪ ಚೀಲಕ್ಕೆ ಹಾಕಿ, ಗಾಳಿಯನ್ನೆಲ್ಲ ಹಿಂಡಿ ತೆಗೆದು ಮುಚ್ಚಿ, ಚೀಲದ ಮೇಲಿನಿಂದಲೇ ಕೈಯಲ್ಲಿ ನಾದುತ್ತೇವೆ. ಹಿಟ್ಟು ನಾದಿದ ಅಭ್ಯಾಸ ಇಲ್ಲಿ ಬಹಳ ಉಪಯೋಗಕ್ಕೆ ಬಂತು.

ಆ ಶಿಕ್ಷಕಿ ಒಪ್ಪಿಗೆ ಪತ್ರ ಓದಿ ಅರ್ಧ ಗಂಟೆಯಲ್ಲಿ ಸಹಿ ಹಾಕಿದಳು. ಮರುದಿನ ಆಕೆಯ ತಾಯಿ ಒಬ್ಬರೇ ಬಂದರು. ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಕೇಳಿದರು:

“ಯಾರದು ಡಾಕ್ಟರೇ ಅದು? ಯಾವ ಜನ?”

ದಾನಿಯ ಗುರುತು ಹೇಳುವಂತಿಲ್ಲ ಎಂದೆ. ರಕ್ತದ ಚೀಲದ ಮೇಲೆ ಗುಂಪು ಬರೆದಿರುತ್ತದೆ, ಕುಲ ಬರೆದಿರುವುದಿಲ್ಲ ಎಂದೂ ಹೇಳಿದೆ. ಅವರ ಮುಖ ಸಡಿಲವಾಗಲಿಲ್ಲ. ನಾನು ಕೋಪ ಮಾಡಿಕೊಳ್ಳಬಹುದಿತ್ತು, ಆದರೆ ಅವರು ಮಗಳಿಗಾಗಿ ನಾಲ್ಕು ವರ್ಷ ಆಸ್ಪತ್ರೆಗಳ ಬೆಂಚುಗಳ ಮೇಲೆ ಕುಳಿತವರು. ಬೇರೆ ದಾರಿಯಲ್ಲಿ ಹೇಳಲು ನೋಡಿದೆ.

“ಮನೆಯಲ್ಲಿ ಹೆಪ್ಪು ಕೆಟ್ಟುಹೋದರೆ ಏನು ಮಾಡುತ್ತೀರಿ ಅಮ್ಮ?”

“ಪಕ್ಕದ ಮನೆಯಿಂದ ಒಂದು ಚಮಚ ತರುತ್ತೇನೆ.”

“ಇದೂ ಅದೇ. ನಿಮ್ಮ ಮಗಳ ಕರುಳಿನಲ್ಲಿ ಹೆಪ್ಪು ಕೆಟ್ಟಿದೆ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲರ ಮನೆಯಿಂದಲೂ ತರುವುದಿಲ್ಲವಲ್ಲ ಡಾಕ್ಟರೇ” ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮಗಳೇ ಅವರನ್ನು ಒಪ್ಪಿಸಿದಳು, ಹೇಗೆಂದು ನಾನು ಕೇಳಲಿಲ್ಲ.

ಹೆಪ್ಪಿನ ಹೋಲಿಕೆ ಪೂರ್ತಿ ಸರಿಯಲ್ಲ ಎಂಬುದು ಬೇಗನೆ ತಿಳಿಯಿತು. ಹಾಲು ಒಂದು ರಾತ್ರಿಗೆ ಮೊಸರಾಗುತ್ತದೆ. ಇಲ್ಲಿ ಮೊದಲನೆಯದನ್ನು ಕೊಲೊನೋಸ್ಕೋಪಿಯಲ್ಲಿ ಕೊಟ್ಟು, ಆಮೇಲೆ ವಾರಕ್ಕೊಮ್ಮೆ ಎನಿಮಾ. ಭೇದಿ ತಡೆಯುವ ಮಾತ್ರೆ ಕೊಟ್ಟು, ಎಡ ಮಗ್ಗುಲಿಗೆ ಮಲಗಿಸಿ, ಮುಕ್ಕಾಲು ಗಂಟೆಯಾದರೂ ಒಳಗೆ ಉಳಿಸಿಕೊಳ್ಳುವಂತೆ ಹೇಳುತ್ತಿದ್ದೆವು. ಹುಣ್ಣಾದ ಕರುಳಿಗೆ ಅದು ಸುಲಭವಲ್ಲ. ಮೊದಲ ಸಲ ಆಕೆಗೆ ಹತ್ತು ನಿಮಿಷ ತಡೆಯಲೂ ಆಗಲಿಲ್ಲ, ಗೋಡೆಯ ಕಡೆ ತಿರುಗಿ ಅತ್ತಳು. ಮೂರನೆಯ ವಾರಕ್ಕೆ 40 ನಿಮಿಷ ತಡೆದಳು. ಆದರೆ ರಕ್ತ ನಿಲ್ಲಲಿಲ್ಲ. ಕರುಳಿನ ಉರಿಯೂತ ಅಳೆಯಲು ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನು ನೋಡುತ್ತೇವೆ, 50ಕ್ಕಿಂತ ಕಡಿಮೆ ಇದ್ದರೆ ನೆಮ್ಮದಿ. ಆಕೆಯದು 1,400ರ ಆಸುಪಾಸಿನಲ್ಲೇ ನಿಂತಿತ್ತು.

ಅಲ್ಲಿಯವರೆಗೆ ಕೊಟ್ಟದ್ದು ವಿದ್ಯಾರ್ಥಿಯದು. ದಾನಿಯನ್ನು ಬದಲಿಸೋಣ ಎಂದು ನಾನೇ ಹೇಳಿದೆ. ಹ್ಯಾಮಿಲ್ಟನ್‌ನ ಆ ಒಬ್ಬ ದಾನಿ ನನ್ನ ಕಣ್ಣ ಮುಂದಿದ್ದ. ರೈತರ ಬಾಟಲಿಗಳಿಂದ ನಾಲ್ಕು ವಾರ ಕೊಟ್ಟ ಮೇಲೆ ಆಕೆ ಒಂದು ಬೆಳಿಗ್ಗೆ ನನಗೆ ಸಂದೇಶ ಕಳುಹಿಸಿದಳು: “ಇಂದು ಕೆಂಪು ಇಲ್ಲ.” ಎಂಟನೆಯ ವಾರಕ್ಕೆ ಕ್ಯಾಲ್‌ಪ್ರೊಟೆಕ್ಟಿನ್ 210. ಸ್ಟಿರಾಯ್ಡನ್ನು ತಜ್ಞರು ಮೆಲ್ಲಮೆಲ್ಲನೆ ಇಳಿಸಿದರು. ಮೆಸಲಮೈನ್ ಹಾಗೆಯೇ ಮುಂದುವರಿಯಿತು. ಗುಣವಾದದ್ದು ದಾನಿಯಿಂದಲೋ, ಕಾಲ ಕಳೆದದ್ದರಿಂದಲೋ, ಎರಡರಿಂದಲೋ ಎಂದು ಒಬ್ಬ ರೋಗಿಯನ್ನು ನೋಡಿ ಹೇಳಲಾಗದು. ಇದೇ ರೈತರದನ್ನು ಪಡೆದ ಇನ್ನೊಬ್ಬ ರೋಗಿಗೆ ಏನೂ ಪ್ರಯೋಜನವಾಗಲಿಲ್ಲ, ಕೊನೆಗೆ ದೊಡ್ಡ ಕರುಳನ್ನೇ ತೆಗೆಯಬೇಕಾಯಿತು.

ನಮ್ಮಿಂದಾದ ದೊಡ್ಡ ತಪ್ಪು ಆಮೇಲಿನದು. ಪ್ರತಿ ಎರಡು ತಿಂಗಳಿಗೆ ದಾನಿಯನ್ನು ಮತ್ತೆ ಪರೀಕ್ಷಿಸುತ್ತೇವೆ, ಅಲ್ಲಿಯವರೆಗಿನ ಬಾಟಲಿಗಳು ಬೀಗದಲ್ಲಿರುತ್ತವೆ. ಅಂಥ ಒಂದು ದಿನ ಮಾತಿನ ನಡುವೆ ರೈತರು ಹೇಳಿದರು: “ಹೋದ ತಿಂಗಳು ಗಂಟಲು ನೋವು ಬಂದಿತ್ತು ಮೇಡಂ. ಮೆಡಿಕಲ್ ಶಾಪಿನಲ್ಲಿ ಐದು ಮಾತ್ರೆ ಕೊಟ್ಟರು, ಸರಿಹೋಯಿತು.” ಅಜಿತ್ರೊಮೈಸಿನ್. ಚೀಟಿಯಿಲ್ಲದೆ, ಯಾರನ್ನೂ ಕೇಳದೆ. ಆ ದಿನದ ನಂತರದ 19 ಬಾಟಲಿಗಳನ್ನು ನಾನೇ ಕೈಯಾರೆ ಹಳದಿ ಚೀಲಕ್ಕೆ ಹಾಕಿದೆ. ಅವರ ಮೇಲೆ ಸಿಟ್ಟು ಬರಲಿಲ್ಲ. ಆಂಟಿಬಯಾಟಿಕ್ ಎಂದರೆ ಯಾವುದು ಎಂದು ನಾವು ಅವರಿಗೆ ತಿಳಿಯುವ ಮಾತಿನಲ್ಲಿ ಒಮ್ಮೆಯೂ ಹೇಳಿರಲಿಲ್ಲ. ನಮ್ಮ ಅರ್ಜಿಯಲ್ಲಿ ಆ ಪದ ಇತ್ತು, ಅಷ್ಟೇ. ಈಗ ಅರ್ಜಿಯಲ್ಲಿ ‘ಜ್ವರ, ಗಂಟಲು, ಹಲ್ಲು, ಗಾಯ, ಯಾವುದಕ್ಕಾದರೂ ಸರಿ, ಮಾತ್ರೆ ನುಂಗುವ ಮೊದಲು ಈ ನಂಬರಿಗೆ ಫೋನು ಮಾಡಿ’ ಎಂದು ಬರೆದಿದ್ದೇವೆ, ಕೆಳಗೆ ನನ್ನ ಮೊಬೈಲ್ ಸಂಖ್ಯೆ ಇದೆ.

ಶಿಕ್ಷಕಿ ಈಗ 8 ವಾರಕ್ಕೊಮ್ಮೆ ಬರುತ್ತಾಳೆ. ಲುಧಿಯಾನದ ಡಾ. ಅಜಿತ್ ಸೂದ್ ಅವರ ತಂಡ ಶಮನವಾದವರಿಗೆ ಇದೇ ಅಂತರದಲ್ಲಿ ಒಂದು ವರ್ಷದ ಹತ್ತಿರದವರೆಗೆ ಕಸಿ ಮುಂದುವರಿಸಿ ನೋಡಿದೆ, ನಾವು ಅದನ್ನೇ ಅನುಸರಿಸಿದೆವು. ನಡುವೆ ಒಮ್ಮೆ ಕಾಯಿಲೆ ಮರಳಿತು, ಎರಡು ವಾರ ಸ್ಟಿರಾಯ್ಡ್ ಬೇಕಾಯಿತು. ಶಾಲೆಯನ್ನು ಬಿಟ್ಟಿಲ್ಲ. ಆಕೆಯ ತಾಯಿ ಪ್ರತಿ ಸಲವೂ ಜೊತೆಗೆ ಬಂದು ಹೊರಗೆ ಕುಳಿತಿರುತ್ತಾರೆ. ಕಳೆದ ದೀಪಾವಳಿಯ ಹೊತ್ತಿಗೆ ಒಂದು ಡಬ್ಬಿ ರವೆ ಉಂಡೆ ತಂದು, “ಇದನ್ನು ಅವರಿಗೆ ತಲುಪಿಸಲು ಆಗುತ್ತದೆಯೇ? ಆರೋಗ್ಯವಾಗಿದ್ದಾರೆಯೇ ಅವರು?” ಎಂದು ಕೇಳಿದರು. ನಿಯಮದ ಪ್ರಕಾರ ತಲುಪಿಸುವಂತಿಲ್ಲ. ಆರೋಗ್ಯವಾಗಿದ್ದಾರೆ ಎಂದು ಮಾತ್ರ ಹೇಳಿದೆ.

ಹೋದ ವಾರ ಸಂಜೆ ರೈತರು ಫೋನು ಮಾಡಿದರು. ದವಡೆ ಊದಿಕೊಂಡಿದೆ, ಹಲ್ಲಿನ ವೈದ್ಯರು ಮಾತ್ರೆ ಬರೆದಿದ್ದಾರೆ, ಅಂಗಡಿಯ ಮುಂದೆ ನಿಂತಿದ್ದೇನೆ ಎಂದರು. ಚೀಟಿಯಲ್ಲಿದ್ದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ಅಮಾಕ್ಸಿಸಿಲಿನ್. “ನುಂಗಬಹುದೇ ಮೇಡಂ, ಆ ಹುಷಾರಿಲ್ಲದವರಿಗೆ ತೊಂದರೆಯಾಗುತ್ತದೆಯೇ?” ನಿಮ್ಮ ಹಲ್ಲು ಮೊದಲು, ವೈದ್ಯರು ಹೇಳಿದಷ್ಟು ದಿನ ತಪ್ಪದೆ ನುಂಗಿ ಎಂದೆ. ಫೋನು ಇಟ್ಟು ಕ್ಯಾಲೆಂಡರಿನಲ್ಲಿ ಮೂರು ತಿಂಗಳ ಮುಂದಿನ ದಿನಕ್ಕೆ ಗುರುತು ಹಾಕಿ, ಫ್ರೀಜರಿನ ಬಾಗಿಲು ತೆರೆದು ಎಣಿಸಿದೆ. ಅವರ ಬಾಟಲಿಗಳು ಆರು ಉಳಿದಿವೆ.