ಕೆಂಡ ತಳಕ್ಕೆ ಕಡಿಮೆ, ಮುಚ್ಚಳಕ್ಕೆ ಜಾಸ್ತಿ: ಅಂಗಳದಲ್ಲಿ ಡಚ್ ಓವನ್ ಅಡುಗೆ

ಡಚ್ ಓವನ್ ಅಂದರೆ ಕೆಂಡದಲ್ಲಿಟ್ಟು ಬೇಯಿಸುವ, ಮುಚ್ಚಳವಿರುವ ದಪ್ಪ ಕಬ್ಬಿಣದ ಪಾತ್ರೆ. ಹೊಸದಾಗಿ ಅದನ್ನು ತಂದವರ ಅಡುಗೆಯಲ್ಲಿ ತಳ ಕರಟಿರುತ್ತದೆ, ಮೇಲ್ಭಾಗ ಹಸಿಹಸಿಯಾಗಿರುತ್ತದೆ. ಒಲೆಯ ಅಭ್ಯಾಸದಿಂದ ಬೆಂಕಿಯನ್ನೆಲ್ಲ ಅಡಿಗೆ ತುಂಬುವುದೇ ಇದಕ್ಕೆ ಕಾರಣ. ಕಾಸರಗೋಡಿನ ಹಳೆಯ ಅಡುಗೆಮನೆಗಳಲ್ಲಿ ಕೆಂಡದಡ್ಯೆ (ಕೆಂಡದಲ್ಲಿ ಬೇಯಿಸುವ ಅಕ್ಕಿಯ ಸಿಹಿ ತಿಂಡಿ) ಮಾಡಿದವರಿಗೆ ಮುಚ್ಚಳದ ಮೇಲೆ ಕೆಂಡ ಸುರಿಯುವ ಕ್ರಮ ಗೊತ್ತೇ ಇದೆ. ಈ ಪಾತ್ರೆಗೆ ಬೇಕಾದದ್ದೂ ಅದೇ. ಹಾಗಾಗಿ ಮೊದಲ ಅಡುಗೆಗೆ ಮುಳ್ಳುಸೌತೆಯ ಅಡ್ಯೆಯನ್ನೇ ಮಾಡಿ.

ಹಂತ 1: ಪಾತ್ರೆ. ಎರಕದ ಕಬ್ಬಿಣದ್ದು, ಮೂರು ಕಾಲಿನದು, 12 ಇಂಚಿನದು ಸಾಕು. ಮುಚ್ಚಳ ಚಪ್ಪಟೆಯಾಗಿರಬೇಕು, ಅದರ ಸುತ್ತ ಎದ್ದ ಅಂಚಿರಬೇಕು. ಅಂಗಡಿಯಲ್ಲೇ ಮುಚ್ಚಳ ಇಟ್ಟು ಅಲ್ಲಾಡಿಸಿ ನೋಡಿ, ಕುಲುಕಿದರೆ ಬಿಟ್ಟುಬಿಡಿ. ಅದೇ ಹೆಸರಿನಲ್ಲಿ ಮಾರುವ ಬಣ್ಣದ ಎನಾಮೆಲ್ ಪಾತ್ರೆ ಗ್ಯಾಸ್ ಒಲೆಗೆ ಸರಿ, ಅಂಗಳಕ್ಕೆ ಬೇಡವೇ ಬೇಡ. ಅದರ ಉಬ್ಬು ಮುಚ್ಚಳದಿಂದ ಕೆಂಡ ಜಾರುತ್ತದೆ, ಪ್ಲಾಸ್ಟಿಕ್ ಹಿಡಿ ಇದ್ದರೆ ಹಾಳಾಗುತ್ತದೆ.

ಹಂತ 2: ಪಳಗಿಸುವುದು, ಅಂದರೆ ಎಣ್ಣೆ ಕಾಯಿಸಿ ಕಬ್ಬಿಣದ ಮೇಲೆ ಗಟ್ಟಿ ಪದರ ಕೂರಿಸುವುದು. ಇಲ್ಲಿ ನಮ್ಮವರೆಲ್ಲ ತೆಂಗಿನೆಣ್ಣೆಗೆ ಕೈ ಹಾಕುತ್ತಾರೆ. ಅದು ಕಬ್ಬಿಣದ ಮೇಲೆ ಗಟ್ಟಿ ಪದರವಾಗಿ ಕೂರುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಸೂರ್ಯಕಾಂತಿ ಎಣ್ಣೆ ಒಳ್ಳೆಯದು. ಪಾತ್ರೆ ತೊಳೆದು, ಬಿಸಿ ಮಾಡಿ ಒಣಗಿಸಿ, ಒಳಗೂ ಹೊರಗೂ ಎಣ್ಣೆ ಸವರಿ. ಆಮೇಲೆ ಒಣ ಬಟ್ಟೆಯಿಂದ ಎಣ್ಣೆಯೇ ಇಲ್ಲವೇನೋ ಎಂಬಷ್ಟು ಒರೆಸಿ ತೆಗೆಯಿರಿ. ದಪ್ಪಗೆ ಬಳಿದರೆ ಪದರ ಏಳುತ್ತದೆ. ಮೂರು ಕಲ್ಲಿನ ಮೇಲೆ ಕವುಚಿ, ಕೆಳಗೆ ಕೆಂಡ ಹರಡಿ ಒಂದು ಗಂಟೆ ಬಿಡಿ. ಹೀಗೆ ಮೂರು ಸಲ. ಮೊದಮೊದಲು ಹುಳಿ, ಟೊಮೆಟೊ ಹಾಕಿದ ಸಾರು ಇದರಲ್ಲಿ ಕುದಿಸಬೇಡಿ, ಹೊಸ ಪದರವನ್ನು ಹುಳಿ ತಿನ್ನುತ್ತದೆ.

ಹಂತ 3: ಹಿಟ್ಟು. ಎರಡು ಕಪ್ ಬೆಳ್ತಿಗೆ (ಕುಚ್ಚದ ಬಿಳಿ) ಅಕ್ಕಿ ನಾಲ್ಕು ಗಂಟೆ ನೆನೆಸಿ. ನಾಲ್ಕು ಕಪ್ ಮುಳ್ಳುಸೌತೆ ತುರಿ, ಒಂದು ಕಪ್ ತೆಂಗಿನತುರಿ, ಒಂದೂವರೆ ಕಪ್ ಬೆಲ್ಲ, ಉಪ್ಪು, ಏಲಕ್ಕಿ ಸೇರಿಸಿ ತರಿತರಿಯಾಗಿ ರುಬ್ಬಿ. ನೀರು ಬೇಡ, ಸೌತೆಯ ನೀರೇ ಸಾಕು.

ಹಂತ 4: ಕೆಂಡ. ಗೆರಟೆಯನ್ನು (ತೆಂಗಿನ ಚಿಪ್ಪನ್ನು) ನೇರವಾಗಿ ಪಾತ್ರೆಯಡಿ ಉರಿಸಬೇಡಿ. ಹಸಿ ಗೆರಟೆಯ ಹೊಗೆ ಅಡ್ಯೆಗೆ ಹತ್ತುತ್ತದೆ. ಪಕ್ಕದಲ್ಲೊಂದು ಬೆಂಕಿ ಮಾಡಿ, ಜ್ವಾಲೆ ಇಳಿದು ಕೆಂಪಾದ ಮೇಲಷ್ಟೇ ಇಕ್ಕುಳದಲ್ಲಿ ತನ್ನಿ. ಸೀಮೆಎಣ್ಣೆ ಸುರಿಯಬಾರದು, ತೆಂಗಿನ ಒಣ ಮಡಲು ಎಷ್ಟೋ ಚೆನ್ನಾಗಿ ಹತ್ತಿಕೊಳ್ಳುತ್ತದೆ. ಒದ್ದೆ ನೆಲ ಶಾಖ ಎಳೆದುಕೊಳ್ಳುವುದರಿಂದ ಕೆಳಗೊಂದು ತಗಡು ಹಾಸಿ. ಬೇಸಗೆಯಲ್ಲಿ ಪದವಿನ (ಬಯಲು ಗುಡ್ಡದ) ಒಣ ಮುಳಿಹುಲ್ಲಿನ ಹತ್ತಿರ ಬೆಂಕಿ ಬೇಡ.

ಇನ್ನು ಹಂಚುವ ಲೆಕ್ಕ. ಮೂರು ಪಾಲು ಕೆಂಡವಿದ್ದರೆ ಎರಡು ಪಾಲು ಮುಚ್ಚಳದ ಮೇಲೆ, ಒಂದು ಪಾಲು ಅಡಿಗೆ. ಅಚ್ಚು ಇದ್ದಿಲಾದರೆ (ಇದ್ದಿಲಿನ ಪುಡಿಯನ್ನು ಅಚ್ಚಿಗೊತ್ತಿದ ಉಂಡೆ) 12 ಇಂಚಿನ ಪಾತ್ರೆಗೆ ಮೇಲೆ 16, ಕೆಳಗೆ 8. ಸುಮಾರು 175 ಡಿಗ್ರಿ ಸೆಲ್ಸಿಯಸ್ ಶಾಖ ಬರುತ್ತದೆ. ಅಡಿಯ ಕೆಂಡವನ್ನು ಬಳೆಯಂತೆ ಸುತ್ತಲೂ ಇಡಿ, ನಡುವೆ ಒಂದೂ ಇರಬಾರದು. ತಳ ಸೀಯುವುದು ನಡುವಿನಲ್ಲೇ. ಮೇಲಿನದ್ದು ಹೆಚ್ಚಿನಂಶ ಅಂಚಿನಲ್ಲಿರಲಿ, ನಡುವೆ ಎರಡು ಮೂರು ಸಾಕು. ಸಾರು, ಪಲ್ಯಕ್ಕಾದರೆ ಮಾತ್ರ ಅಡಿಗೆ ಹೆಚ್ಚು ಕೆಂಡ.

ಖಾಲಿ ಪಾತ್ರೆ ಕಾದ ಮೇಲೆ ಸಣ್ಣ ಸ್ಟೀಲ್ ತಟ್ಟೆಯಲ್ಲಿ ಒಂದು ಚಮಚ ಮೈದಾ ಒಳಗಿಟ್ಟು ಮುಚ್ಚಿ. ಐದು ನಿಮಿಷಕ್ಕೆ ಹೊಂಬಣ್ಣವಾದರೆ ಶಾಖ ಹದ. ಕಪ್ಪಾದರೆ ಕೆಂಡ ತೆಗೆಯಿರಿ, ಬಿಳಿಯಾಗಿಯೇ ಇದ್ದರೆ ಮೇಲಕ್ಕೆ ಸೇರಿಸಿ.

ಹಂತ 5: ಬೇಯಿಸುವುದು. ಬಾಡಿಸಿದ ಬಾಳೆಲೆ ಹಾಸಿ, ಹಿಟ್ಟು ಒಂದು ಅಂಗುಲ ದಪ್ಪಕ್ಕೆ ಹೊಯ್ಯಿರಿ. ಎಲೆಯ ತುದಿ ಮುಚ್ಚಳದ ಅಂಚಿಗೆ ಸಿಕ್ಕಿಕೊಳ್ಳದಂತೆ ಒಳಕ್ಕೆ ಮಡಚಿ. ಸಿಕ್ಕಿದರೆ ಸಂದಿಯಿಂದ ಹಬೆ ಹೋಗುತ್ತದೆ, ಬೂದಿ ಬರುತ್ತದೆ. ಪ್ರತಿ 15 ನಿಮಿಷಕ್ಕೆ ಪಾತ್ರೆಯನ್ನು ಕಾಲು ಸುತ್ತು ಎಡಕ್ಕೆ, ಮುಚ್ಚಳವನ್ನು ಕಾಲು ಸುತ್ತು ಬಲಕ್ಕೆ ತಿರುಗಿಸಿ. ಮಧ್ಯಾಹ್ನದ ಕಡಲ ಗಾಳಿಗೆ ಪಡುವಣ ಬದಿಯ ಕೆಂಡ ಬೇಗ ಉರಿಯುತ್ತದೆ, ತಿರುಗಿಸದಿದ್ದರೆ ಅರ್ಧ ಅಡ್ಯೆ ಕಪ್ಪು. ಆ ಬದಿಗೆ ನಾಲ್ಕು ಮುರಕಲ್ಲು ಅಡ್ಡ ಇಟ್ಟರೆ ಇನ್ನೂ ಒಳ್ಳೆಯದು. ಕೆಂಡದ ಮೇಲೆ ಕೂತ ಬೂದಿ ಶಾಖ ತಡೆಯುತ್ತದೆ, ಆಗಾಗ ತಟ್ಟಿ ಉದುರಿಸಿ. ಗೆರಟೆ ಕೆಂಡ ಬಹಳ ಹೊತ್ತು ಬಾಳುವುದಿಲ್ಲ. ಅರ್ಧ ಗಂಟೆಗೆ ಹೊಸದು ಹಾಕಲು ಪಕ್ಕದ ಬೆಂಕಿ ಆರದಿರಲಿ.

ಕುತೂಹಲಕ್ಕೆ ಮುಚ್ಚಳ ತೆಗೆಯಬೇಡಿ, ತೆಗೆದಷ್ಟೂ ಸಲ ಶಾಖ ಹೋಗುತ್ತದೆ. 45 ನಿಮಿಷದ ಮೇಲೆ, ಮುಚ್ಚಳದ ಅಂಚಿನ ಬೂದಿ ಗುಡಿಸಿ, ಓರೆ ಮಾಡದೆ ನೇರ ಎತ್ತಿ. ಕಡ್ಡಿ ಚುಚ್ಚಿ, ಹಿಟ್ಟು ಅಂಟದಿದ್ದರೆ ಅಡಿಯ ಕೆಂಡ ಸರಿಸಿ, ಮೇಲಿನದ್ದು ಹಾಗೆಯೇ ಬಿಟ್ಟು ಇನ್ನೊಂದು ಕಾಲು ಗಂಟೆ ಕಾಯಿರಿ. ಮೇಲ್ಮೈ ಕೆಂಪಾಗುವುದು ಆಗಲೇ.

ಹಂತ 6: ಬಿಸಿ ಪಾತ್ರೆಗೆ ತಣ್ಣೀರು ಹೊಯ್ದರೆ ಕಬ್ಬಿಣ ಸೀಳುತ್ತದೆ. ಆರಿದ ಮೇಲೆ ಬಿಸಿನೀರಿನಲ್ಲಿ ಉಜ್ಜಿ, ಒಲೆಯ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ. ಮಳೆಗಾಲದಲ್ಲಿ ಒಳಗೆ ಪತ್ರಿಕೆ ಕಾಗದ ತುರುಕಿ, ಮುಚ್ಚಳವನ್ನು ಪೂರ್ತಿ ಹಾಕದೆ ಒಲೆಯ ಹತ್ತಿರ ಇಡಿ.