ಹಾಜರಾತಿ ಪಟ್ಟಿ ತಿಂಗಳಿಗೊಮ್ಮೆ: ಡೀನ್ ಆಗಿ ನಾನು ಮಾಡಿದ ಕೆಲಸ

ಮಂಗಳೂರಿನ ಒಂದು ಸ್ವಾಯತ್ತ ಕಾಲೇಜಿನಲ್ಲಿ ನಾನು ಕಾಮರ್ಸ್ ಪಾಠ ಮಾಡುತ್ತೇನೆ. ಆರು ವರ್ಷದಿಂದ ಅಕಾಡೆಮಿಕ್ ಡೀನ್ ಜವಾಬ್ದಾರಿಯೂ ಇದೆ. ಅದು ಸಿಕ್ಕಿದ ದಿನ ಮನೆಯಲ್ಲಿ ಅಮ್ಮ ಕೇಳಿದ್ದರು, "ಪ್ರಿನ್ಸಿಪಾಲ್ ಇದ್ದಾರಲ್ಲ, ಮತ್ತೆ ನಿನಗೆ ಎಂತ ಕೆಲಸ?" ಸರಿಯಾದ ಉತ್ತರ ಹೇಳಲು ನನಗೆ ಒಂದು ವರ್ಷ ಬೇಕಾಯಿತು.

ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಡೀನ್ ಎಂದರೆ ಒಂದು ನಿಕಾಯದ, ಅಂದರೆ ಕಲೆ, ವಿಜ್ಞಾನ, ವಾಣಿಜ್ಯದಂಥ ಒಂದು ದೊಡ್ಡ ಶಾಖೆಯ, ಮುಖ್ಯಸ್ಥರು. ಆ ಹುದ್ದೆ 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲೇ ಇದೆ. ನಮ್ಮಂಥ ಕಾಲೇಜಿನಲ್ಲಿ ಹಾಗಲ್ಲ. ಕೆಲಸ ಹಂಚಿಕೊಳ್ಳಲು ಆಡಳಿತ ಮಂಡಳಿ ಮಾಡಿಕೊಂಡ ಹುದ್ದೆ ಇದು. ಹಣದ ಕಾಗದಕ್ಕೆ ಪ್ರಿನ್ಸಿಪಾಲರ ಸಹಿ. ಪರೀಕ್ಷೆ ಪರೀಕ್ಷಾ ನಿಯಂತ್ರಕರದ್ದು. ಪದವಿ ಕೊಡುವುದು ವಿಶ್ವವಿದ್ಯಾನಿಲಯ. ನನ್ನ ಪಾಲಿಗೆ ಬರುವುದು ಪಠ್ಯಕ್ರಮ, ಟೈಮ್ ಟೇಬಲ್, ವರ್ಕ್‌ಲೋಡ್, ಹಾಜರಾತಿ.

ಮೊದಲ ವರ್ಷ ನಾನು ಎಲ್ಲದಕ್ಕೂ ಸುತ್ತೋಲೆ ಹೊರಡಿಸಿದೆ. ಯಾರೂ ಎದುರು ಮಾತಾಡಲಿಲ್ಲ, ಆದರೆ ಯಾವುದೂ ಬದಲಾಗಲಿಲ್ಲ. ಒಂದು ದಿನ ಹಿರಿಯ ಸಹೋದ್ಯೋಗಿ ಮೇಡಂ ಹೇಳಿದರು, "ಸರ್, ಒಮ್ಮೆ ಡಿಪಾರ್ಟ್‌ಮೆಂಟಿಗೆ ಬಂದು ಕುಳಿತು ಕೇಳಿ." ಅಂದಿನಿಂದ ವಾರಕ್ಕೆ ಎರಡು ವಿಭಾಗಕ್ಕೆ ಹೋಗುತ್ತೇನೆ. ಚಾ ಕುಡಿಯುತ್ತಾ ಅವರು ಹೇಳುವ ವಿಷಯ ಮೀಟಿಂಗಿನಲ್ಲಿ ಎಂದೂ ಬಾಯಿಗೆ ಬರುವುದಿಲ್ಲ.

ನಿಜವಾಗಿ ಕಣ್ಣು ತೆರೆಸಿದ್ದು ಹಾಜರಾತಿ. ಪರೀಕ್ಷೆಗೆ ಕೂರಲು 75 ಶೇಕಡ ಬೇಕು. ನಮ್ಮಲ್ಲಿ ಸೆಮಿಸ್ಟರ್ ಕೊನೆಗೆ ಪಟ್ಟಿ ಹಾಕುತ್ತಿದ್ದರು. ಅಷ್ಟರಲ್ಲಿ ಕಾಲ ಮಿಂಚಿರುತ್ತಿತ್ತು. ಹುಡುಗ ಅಳುತ್ತಾ ಬರುತ್ತಾನೆ, ಅಪ್ಪ ಕೈ ಮುಗಿಯುತ್ತಾರೆ. ನಿಯಮ ಸಡಿಲಿಸುವ ಅಧಿಕಾರ ನನಗಿಲ್ಲ. ಆ ಸಂಕಟ ಎರಡು ಸಲ ನೋಡಿದ ಮೇಲೆ ಪಟ್ಟಿಯನ್ನು ತಿಂಗಳಿಗೊಮ್ಮೆ ತರಿಸಿಕೊಳ್ಳಲು ಶುರು ಮಾಡಿದೆ.

ಆಗ ಒಂದು ವಿಚಿತ್ರ ಕಂಡಿತು. ಬಿ.ಕಾಂ.ನ ಕೆಲವು ಹುಡುಗರು ಜುಲೈಯಲ್ಲಿ ಒಂದು ಕ್ಲಾಸೂ ತಪ್ಪಿಸಿಲ್ಲ. ಆಗಸ್ಟ್‌ನಲ್ಲಿ ಮೊದಲ ಪೀರಿಯಡ್ ದಿನಾ ಗೈರು. ಒಬ್ಬನನ್ನು ಕರೆದು ಕೇಳಿದೆ. "ಸರ್, ಬೋಟು ಇಳಿದಿದೆ ಅಲ್ವಾ" ಎಂದ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್, ಅಂದರೆ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಆಗಸ್ಟ್ ಬಂದರೆ ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಬೆಳಗಿನ ಜಾವವೇ ಏಲಂ. ಅವನು ಅಲ್ಲಿ ಮೀನಿನ ಬುಟ್ಟಿ ಹೊತ್ತು, ಮನೆಗೆ ಹೋಗಿ ಸ್ನಾನ ಮಾಡಿ, ಬಸ್ ಹತ್ತಿ ಬರಬೇಕು. ಫೀಸ್ ಕಟ್ಟುತ್ತಿದ್ದುದು ಆ ದುಡ್ಡಿನಲ್ಲೇ. ಇಷ್ಟು ವರ್ಷ ನಾವು ಇಂಥವರನ್ನು ಸುಮ್ನೆ ಸೋಮಾರಿಗಳು ಎಂದುಕೊಂಡಿದ್ದೆವು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

75 ಶೇಕಡ ಹಾಗೇ ಉಳಿಯಿತು. ಟೈಮ್ ಟೇಬಲ್ ಮಾತ್ರ ಬದಲಾಯಿಸಿದೆವು. ಆ ಸೆಕ್ಷನ್‌ಗೆ ಬೆಳಗಿನ ಮೊದಲ ಪೀರಿಯಡ್ ತೆಗೆದು ಸಂಜೆಗೆ ಹಾಕಿದೆವು. ಇಬ್ಬರು ಅಧ್ಯಾಪಕರಿಗೆ ಮನೆಗೆ ಹೋಗುವುದು ತಡವಾಗುತ್ತಿತ್ತು. ಅವರ ಜೊತೆ ಮೂರು ಸಲ ಮಾತಾಡಿದೆ. ಒಪ್ಪಿಕೊಂಡರು, ಅವರಿಗೆ ನಾನು ಋಣಿ.

2024ರ ಮೇ ತಿಂಗಳು ಬೇರೆ ಬಗೆಯ ಪರೀಕ್ಷೆ. 2021ರಲ್ಲಿ ಬಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಹೋಗಬೇಕೆಂದು ಸರ್ಕಾರದ ಆದೇಶ ಬಂತು. ಅಡ್ಮಿಷನ್ ಶುರುವಾಗುವ ಹೊತ್ತು. ಮೊದಲ ವರ್ಷಕ್ಕೆ ಹೊಸ ಪಠ್ಯ, ಎರಡು ಮತ್ತು ಮೂರನೇ ವರ್ಷಕ್ಕೆ ಎನ್‌ಇಪಿಯದ್ದೇ. ಪಠ್ಯ ರೂಪಿಸುವ ಅಧ್ಯಯನ ಮಂಡಳಿಯನ್ನು ಎಲ್ಲ ವಿಷಯಗಳಿಗೂ ಕೂರಿಸಬೇಕು. ಅದರಲ್ಲಿ ಕುಲಪತಿಗಳು ನೇಮಿಸಿದ ತಜ್ಞರು, ಹೊರಗಿನ ತಜ್ಞರು, ಉದ್ಯಮದವರೊಬ್ಬರು, ಹಳೆ ವಿದ್ಯಾರ್ಥಿಯೊಬ್ಬರು ಇರಬೇಕು. ಎಲ್ಲರಿಗೂ ಒಂದೇ ದಿನ ಹೊಂದಿಸುವುದೇ ದೊಡ್ಡ ಕೆಲಸ. ನೇತ್ರಾವತಿ ಸೇತುವೆ ದಾಟಿ ಕೊಣಾಜೆಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಫೋನಿನಲ್ಲಿ ವಾರ ಹಿಡಿಯುವ ಅನುಮಾನ ಎದುರು ಕುಳಿತರೆ ಹತ್ತು ನಿಮಿಷದಲ್ಲಿ ಬಗೆಹರಿಯುತ್ತಿತ್ತು.

ಪಠ್ಯಕ್ಕಿಂತ ಜಾಸ್ತಿ ಕಾಡಿದ್ದು ವರ್ಕ್‌ಲೋಡ್. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಇರಬೇಕು. ಕೆಲವು ಪೇಪರ್ ಹೋದಾಗ ಗಂಟೆಗಳೂ ಹೋದವು, ಅದರ ಹೊರೆ ಬಿದ್ದದ್ದು ಅತಿಥಿ ಉಪನ್ಯಾಸಕರ ಮೇಲೆ. ಒಬ್ಬರಿಗೆ ಮಾತ್ರ ಗಂಟೆ ಹೊಂದಿಸಲು ನನ್ನಿಂದ ಆಗಲೇ ಇಲ್ಲ. ವಿಷಯವನ್ನು ನಾನೇ ಹೋಗಿ ಹೇಳಿದೆ. ನೋಟಿಸ್ ಬೋರ್ಡ್ ನೋಡಿ ಅವರಿಗೆ ಗೊತ್ತಾಗಬಾರದು ಅನ್ನಿಸಿತ್ತು.

ಮಳೆಯ ಲೆಕ್ಕವೂ ಡೀನ್ ಮೇಜಿಗೇ ಬರುತ್ತದೆ. ಸೆಮಿಸ್ಟರ್‌ಗೆ 90 ಕೆಲಸದ ದಿನ ಬೇಕು. ರೆಡ್ ಅಲರ್ಟ್ ಎಂದು ಜಿಲ್ಲಾಧಿಕಾರಿಗಳು ರಜೆ ಕೊಟ್ಟರೆ ಆ ದಿನವನ್ನು ಶನಿವಾರ ಮಧ್ಯಾಹ್ನಗಳಲ್ಲಿ ಹುಡುಕಬೇಕು. ಈಗ ಜೂನ್‌ನಲ್ಲೇ ಐದಾರು ದಿನ ಖಾಲಿ ಇಟ್ಟುಕೊಂಡು ಕ್ಯಾಲೆಂಡರ್ ಮಾಡುತ್ತೇನೆ.

ದಕ್ಕೆಯ ಆ ಹುಡುಗ ಎಲ್ಲ ಸೆಮಿಸ್ಟರ್ ಪಾಸಾಗಿ ಹೋದ. ಈ ಸಲದ ಆಗಸ್ಟ್ ಪಟ್ಟಿಯಲ್ಲಿ ಬೆಳಿಗ್ಗೆ ತಡವಾಗುವವರು ನಾಲ್ಕು ಜನ ಇದ್ದಾರೆ. ಮೂವರ ಜೊತೆ ಮಾತಾಡಿದ್ದೇನೆ. ನಾಲ್ಕನೆಯವನಿಗೆ ಸೋಮವಾರ ಬರಲು ಹೇಳಿದ್ದೇನೆ.