ಹಳೇ ಟಾಟಾ 697 ಎಂಜಿನ್ನಿಗೆ ಏಳರ ಪಿನಿಯನ್: ಶಿರಾಡಿ ಘಾಟಿಯಲ್ಲಿ ನನ್ನ ಅನುಭವ

ನನ್ನ ಹಳೇ ಟಾಟಾ 1613 ಲಾರಿ ಈಗ ಪಣಂಬೂರಿನಿಂದ ಹತ್ತು ಟನ್ ಗೊಬ್ಬರ ಹೊತ್ತು ಶಿರಾಡಿ ಘಾಟಿಯನ್ನು 1,500-1,700 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಹತ್ತುತ್ತಿದೆ. ಹೋಗಿ ಬಂದ ಲೆಕ್ಕದಲ್ಲಿ ಲೀಟರಿಗೆ ನಾಲ್ಕೂವರೆ ಕಿ.ಮೀ. ಕೊಡುತ್ತಿದೆ. ಮೊದಲು ಮೂರೂ ಮುಕ್ಕಾಲು ಮುಟ್ಟುವುದೇ ಕಷ್ಟವಿತ್ತು. ಎಂಜಿನ್ನನ್ನು ನಿಧಾನ ಓಡಿಸಲು ಪಂಪು, ಪಿನಿಯನ್ ಬದಲಾಯಿಸುವುದು ಘಾಟಿಗೆ ಆಗುವ ಕೆಲಸ ಅಲ್ಲ ಅಂದವರೇ ಹಾಸನದಲ್ಲಿ ಜಾಸ್ತಿ. ಈಗ ಅವರಲ್ಲೇ ಕೆಲವರು ಬಂದು ಬಾನೆಟ್ ಎತ್ತಿ ನೋಡಿ ಹೋಗುತ್ತಿದ್ದಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಗಾಡಿ 2006ರ ಮಾಡೆಲ್. ಎಂಜಿನ್ 697, ಟರ್ಬೊ (ಹೊಗೆಯ ಬಲದಿಂದ ಎಂಜಿನ್ನಿಗೆ ಗಾಳಿ ತುಂಬುವ ಚಕ್ರ) ಇರುವುದು. 97 ಎಂಎಂ ಬೋರು, 128 ಸ್ಟ್ರೋಕು, 5,675 ಸಿಸಿ. ಮರ್ಸಿಡಿಸ್ ಒಎಂ352 ವಂಶದ್ದು, ಅದು ನಿಮಗೆಲ್ಲ ಗೊತ್ತಿರುವ ವಿಷಯ. 2,400ರಲ್ಲಿ 130 ಎಚ್‌ಪಿ. ಟಾರ್ಕು, ಅಂದರೆ ತಿರುಗಿಸುವ ಬಲ, 1,400ರಿಂದ 1,700ರ ನಡುವೆ ಸುಮಾರು 42 ಕೆಜಿ ಮೀಟರ್. ಎಲ್ಲರೂ ಆ 130ನ್ನೇ ನೋಡುತ್ತಾರೆ. ಒಂದು ಸಣ್ಣ ಲೆಕ್ಕ ಹಾಕಿ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 716ರಿಂದ ಭಾಗಿಸಿದರೆ ಎಚ್‌ಪಿ ಬರುತ್ತದೆ. ಹಾಗೆ ನೋಡಿದರೆ 2,400ರಲ್ಲಿ ಈ ಎಂಜಿನ್ನಿನ ಟಾರ್ಕು 39ಕ್ಕೆ ಇಳಿದಿರುತ್ತದೆ. ಅಂದರೆ ಗಾಡಿಯನ್ನು ಕಿರುಚಿಸಿ ಓಡಿಸಿದಾಗ ಎಂಜಿನ್ ತಳ್ಳುವ ಬಲ ಕಡಿಮೆಯೇ ಆಗಿರುತ್ತದೆ, ಡೀಸೆಲ್ ಮಾತ್ರ ಜಾಸ್ತಿ ಕುಡಿಯುತ್ತದೆ. 1,500ರಲ್ಲಿ 88 ಎಚ್‌ಪಿ ಸಿಗುತ್ತದೆ. ಒಟ್ಟು 16 ಟನ್ ಗಾಡಿಯನ್ನು ಘಾಟಿಯಲ್ಲಿ ಹದಿನೈದು ಕಿ.ಮೀ. ವೇಗದಲ್ಲಿ ಹತ್ತಿಸಲು ನನ್ನ ಅಂದಾಜಿಗೆ ಅರವತ್ತು ಚಿಲ್ಲರೆ ಸಾಕು. ಹಾಗಿದ್ದ ಮೇಲೆ 2,200ಕ್ಕೆ ಯಾಕೆ ಎಳೆಯಬೇಕು?

ನನ್ನ ಯೋಚನೆ ಇಷ್ಟೇ. ಎಚ್‌ಪಿ ಏರಿಸುವುದು ಬೇಡ. ಇರುವ ಬಲವನ್ನು ಕೆಳಗಿನ ಆರ್‌ಪಿಎಂಗೆ ತಂದು, ಹಿಂದಿನ ಡಿಫರೆನ್ಷಿಯಲ್‌ನಲ್ಲಿ 6/41 ತೆಗೆದು 7/41 ಕ್ರೌನ್-ಪಿನಿಯನ್ ಹಾಕುವುದು, ಅಂದರೆ 41 ಹಲ್ಲಿನ ದೊಡ್ಡ ಕ್ರೌನ್ ಚಕ್ರಕ್ಕೆ ಆರು ಹಲ್ಲಿನ ಬದಲು ಏಳು ಹಲ್ಲಿನ ಚಿಕ್ಕ ಪಿನಿಯನ್. ಅನುಪಾತ 6.83ರಿಂದ 5.86ಕ್ಕೆ ಬರುತ್ತದೆ, ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುತ್ತದೆ. ಇದನ್ನು ಹೇಳಿದಾಗ ನಮ್ಮ ಮೇಸ್ತ್ರಿ ಸ್ಪಾನರ್ ಕೆಳಗಿಟ್ಟು, "ಅಣ್ಣ, ಏಳರ ಪಿನಿಯನ್ ಬಯಲುಸೀಮೆ ಗಾಡಿಗೆ. ನೀವು ಹಾಕ್ಸಿದ್ರೆ ಗುಂಡ್ಯ ದಾಟಲ್ಲ, ಎರಡನೇ ತಿರುವಲ್ಲೇ ನಿಂತ್ಕೊಳ್ಳುತ್ತೆ" ಅಂದ. ಗುಂಡ್ಯ ಅಂದರೆ ಘಾಟಿಯ ಬುಡ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಎಲ್ಲರೂ ಒಂದೇ ಮಾತು: ಗುಜರಿಗೆ ಹಾಕಿ ಬಿಎಸ್6 (ಹೊಸ ಹೊಗೆ ನಿಯಮದ ಗಾಡಿ) ತಗೊಳ್ಳಿ.

ಬಿಎಸ್6 ಏನು ಅಂತ ನನಗೆ ಗೊತ್ತು. ನಮ್ಮ ಭಾವ ತಗೊಂಡಿದ್ದಾರೆ. ನಾಲ್ಕು ಸಿಲಿಂಡರ್, 180ರ ಹತ್ತಿರ ಎಚ್‌ಪಿ. ಕಂಪನಿ ಹೆಸರು ಬೇಡ. ಓಡಿಸಲು ಚೆನ್ನಾಗಿದೆ, ಕ್ಯಾಬಿನ್ ಒಳಗೆ ಕೂತು ಮಾತಾಡಬಹುದು. ಆದರೆ ತಿಂಗಳಿಗೆ ಐವತ್ತು ಸಾವಿರ ದಾಟಿದ ಕಂತು. ಅದರ ಮೇಲೆ ಹೊಗೆ ಶುದ್ಧ ಮಾಡಲು ತುಂಬಿಸುವ ಡಿಇಎಫ್ ದ್ರವದ ಖರ್ಚು. ಹೋದ ಮಳೆಗಾಲದಲ್ಲಿ ಹೊಗೆ ಕೊಳವೆಯ ಒಂದು ಸೆನ್ಸರ್ ಹೋಗಿ, ಲೋಡ್ ಸಮೇತ ಗಾಡಿ ಬಲ ಕಳೆದುಕೊಂಡು ತೆವಳುತ್ತಾ ಸಕಲೇಶಪುರ ಸೇರಿತು. ಲ್ಯಾಪ್‌ಟಾಪ್ ತರುವವರಿಗೆ ಎರಡು ದಿನ ಕಾಯಬೇಕಾಯಿತು. ಬಿಲ್ಲು ನಲವತ್ತು ಸಾವಿರದ ಹತ್ತಿರ. ಒಂದೇ ಗಾಡಿ ನಂಬಿಕೊಂಡು ಬದುಕುವ ನನ್ನಂಥವನಿಗೆ ಅದು ಆಗಿಬರುವುದಿಲ್ಲ.

ಈಗ ಕೆಟ್ಟದ್ದರ ಕಥೆ.

ಮೊದಲು ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪು. ಕೆಳಗೆ ಬಲ ಬೇಕು ಅಂತ ಬಿಡಿಸಿ ಹೇಳಿ ಕೊಟ್ಟಿದ್ದೆ. ಆ ಅಂಗಡಿಯವರು ಸುಮ್ನೆ ಎಲ್ಲ ಕಡೆ ಡೀಸೆಲ್ ಏರಿಸಿ ಕೊಟ್ಟರು. 2,000 ದಾಟಿದ ಮೇಲೆ ಗಾಡಿ ಹಾರುತ್ತದೆ, ಕೆಳಗೆ ಮಾತ್ರ ಕಪ್ಪು ಹೊಗೆ. ಹಿಂದಿನ ಬೈಕಿನವರು ಬೈದು ಹೋಗುತ್ತಿದ್ದರು. ಕೆಲವೇ ವಾರದಲ್ಲಿ ಹೆಡ್ ಗ್ಯಾಸ್ಕೆಟ್ ಹೋಯಿತು. ಆ ಒಂದು ಸುತ್ತಿನಲ್ಲಿ ಇಪ್ಪತ್ತೈದು ಸಾವಿರ ನೀರಲ್ಲಿ ಹೋಮ.

ಆಮೇಲೆ ಟರ್ಬೊ. ಗುಜರಿಯಲ್ಲಿ ದೊಡ್ಡ ಎಂಜಿನ್ನಿನ ಟರ್ಬೊ ಒಂದು ಸಿಕ್ಕಿತು, ಹನ್ನೆರಡು ಸಾವಿರ. ಗಾಳಿ ಜಾಸ್ತಿ ಬಂದರೆ ಹೊಗೆ ನಿಲ್ಲುತ್ತದೆ ಅನ್ನುವುದು ನಿಜ. ಆದರೆ ಅದು 1,700ರ ಕೆಳಗೆ ಎಚ್ಚರವೇ ಆಗುವುದಿಲ್ಲ. ನನಗೆ ಬೇಕಾದ ಜಾಗದಲ್ಲೇ ಗಾಳಿ ಇಲ್ಲ. ಅದನ್ನು ಅರ್ಧ ದುಡ್ಡಿಗೆ ಮಾರಿದೆ. ಅದರಿಂದ ಒಂದು ವಿಷಯ ಮಾತ್ರ ಖಚಿತವಾಯಿತು: ನಿಧಾನ ಓಡುವ ಎಂಜಿನ್ನಿಗೆ ಟರ್ಬೈನ್ ಕಡೆಯ ಹೌಸಿಂಗ್ ಚಿಕ್ಕದಿರಬೇಕು. ಮೇಲೆ ಉಸಿರು ಕಟ್ಟಿದರೆ ಕಟ್ಟಲಿ, ನಾವು ಅಲ್ಲಿಗೆ ಹೋಗುವುದೇ ಇಲ್ಲವಲ್ಲ.

ಮೂರನೆಯದು ಸೆಕೆಂಡ್ ಹ್ಯಾಂಡ್ ಕ್ರೌನ್-ಪಿನಿಯನ್. ಹದಿನೈದು ಸಾವಿರಕ್ಕೆ ಜೋಡಿ ಅಂತ ಕೊಟ್ಟರು. ಬಿಚ್ಚಿ ನೋಡಿದರೆ ಕ್ರೌನ್ ಒಂದು ಗಾಡಿಯದು, ಪಿನಿಯನ್ ಇನ್ನೊಂದರದ್ದು. ಎಷ್ಟು ಶಿಮ್ (ಸಂದು ಹೊಂದಿಸುವ ತೆಳು ತಗಡು) ಹಾಕಿದರೂ ನಲವತ್ತರ ಮೇಲೆ ಊಳಿಡುತ್ತಿತ್ತು. ಇವೆರಡನ್ನೂ ಜೊತೆಯಲ್ಲೇ ಉಜ್ಜಿ ಹೊಂದಿಸಿರುತ್ತಾರೆ, ಬೇರೆ ಮಾಡಿದರೆ ಮುಗಿಯಿತು. ಕೊನೆಗೆ ಹೊಸ ಜೋಡಿಯನ್ನೇ ತಂದೆ. ಮೂವತ್ತೆರಡು ಸಾವಿರ ಆಯಿತು ಅಂತ ನೆನಪು.

ಕೈ ಹಿಡಿದದ್ದು ಹೀಗೆ. ಫುಲ್ ಎಂಜಿನ್ ಕೆಲಸ ಮಾಡಿಸಿದೆ. ಲೈನರ್, ಪಿಸ್ಟನ್, ರಿಂಗು, ಬೇರಿಂಗ್ ಎಲ್ಲ ಹೊಸದು, ಹೆಡ್ ಫೇಸಿಂಗ್ ನಾನೇ ಪಕ್ಕದಲ್ಲಿ ನಿಂತು ಮಾಡಿಸಿದ್ದು. ಪಂಪನ್ನು ಬೆಂಗಳೂರಿಗೆ ಒಯ್ದೆ. ಅಲ್ಲಿ ಹಳೇ ಮೈಕೋ (ಈಗಿನ ಬಾಷ್) ಪಂಪಿನಲ್ಲೇ ಕೈ ಪಳಗಿದ ಒಬ್ಬ ಹಿರಿಯರಿದ್ದಾರೆ. ಎಲಿಮೆಂಟು, ಡೆಲಿವರಿ ವಾಲ್ವ್ ಆರೂ ಹೊಸದು. ಆರು ಲೈನಿಗೂ ಡೀಸೆಲ್ ಸಮ ಬರಬೇಕು, ಅದರಲ್ಲೂ 1,400ರಲ್ಲಿ ಅಳೆದಾಗ. ಸಾಮಾನ್ಯವಾಗಿ ಮೇಲಿನ ಆರ್‌ಪಿಎಂನಲ್ಲಿ ಅಳೆದು ಸಮ ಇದೆ ಅನ್ನುತ್ತಾರೆ, ಕೆಳಗೆ ಬಂದರೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಗವರ್ನರ್ (ಆರ್‌ಪಿಎಂ ಮಿತಿ ಕಾಯುವ ಭಾಗ) 2,400 ಇದ್ದದ್ದನ್ನು 2,100ಕ್ಕೆ ಇಳಿಸಿದೆವು. ಬೂಸ್ಟ್ ಡಯಾಫ್ರಾಮಿನ ಸ್ಪ್ರಿಂಗ್ ಬದಲಾಯಿಸಿ, ಗಾಳಿ ಬಂದ ಕೂಡಲೇ ಡೀಸೆಲ್ ಬರುವ ಹಾಗೆ ಮಾಡಿದೆವು. ಆ ಸ್ಪ್ರಿಂಗ್ ಯಾವುದು, ಡೀಸೆಲ್ ಚಿಮ್ಮುವ ಟೈಮಿಂಗ್ ಎಷ್ಟು ಡಿಗ್ರಿ ಇಟ್ಟಿದ್ದೇನೆ, ಇವೆರಡನ್ನು ಮಾತ್ರ ಕೇಳಬೇಡಿ. ಅದಕ್ಕೆ ನಾನು ಸಾಕಷ್ಟು ದುಡ್ಡು ಸುರಿದಿದ್ದೇನೆ.

ಒಂದನ್ನು ಮಾತ್ರ ಎಲ್ಲರಿಗೂ ಬಿಡಿಸಿ ಹೇಳುತ್ತೇನೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ, ಟರ್ಬೊ ಮುಂದೆ, ಬಿಸಿ ಅಳೆಯುವ ಮೀಟರ್ ಹಾಕಿಸಿ. ಮೂರು ಸಾವಿರದೊಳಗೆ ಆಗುತ್ತದೆ. ನಿಧಾನ ಓಡಿಸುವುದು ಬೇರೆ, ಎಂಜಿನ್ನಿನ ಕುತ್ತಿಗೆ ಹಿಸುಕುವುದು ಬೇರೆ. 1,100ಕ್ಕೆ ಇಳಿದ ಮೇಲೂ ಪೆಡಲ್ ಒತ್ತಿ ಹಿಡಿದರೆ ನನ್ನ ಮೀಟರ್ 650 ಡಿಗ್ರಿ ದಾಟಿ ಏರುತ್ತಲೇ ಹೋಗುತ್ತದೆ. ಆಯಿಲ್ ಪಂಪೂ ಆಗ ನಿಧಾನ, ನೀರಿನ ಪಂಪೂ ನಿಧಾನ. ಅದಕ್ಕೆ ನನ್ನ ಕಟ್ಟುನಿಟ್ಟು 1,300. ಅದರ ಕೆಳಗೆ ಬಂತು ಅಂದರೆ ಗೇರ್ ಇಳಿಸಲೇಬೇಕು. 1,500ರಲ್ಲಿ ಅದೇ ಏರು, ಅದೇ ಲೋಡು, 560-580ರಲ್ಲಿ ನಿಲ್ಲುತ್ತದೆ.

ಮೊದಲ ಸಲ ಲೋಡ್ ಹಾಕಿ ಗುಂಡ್ಯದಿಂದ ಹತ್ತಿಸಿದಾಗ ಮೇಸ್ತ್ರಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಕಡಿದಾದ ಕಡೆ ಮೊದಲಿನಂತೆ ಎರಡನೇ ಗೇರೇ. ಮೊದಲು 2,200ರಲ್ಲಿ ಹದಿನೈದು, ಹದಿನಾರರಲ್ಲಿ ಹೋಗುತ್ತಿದ್ದ ಜಾಗದಲ್ಲಿ ಈಗ 1,700ರಲ್ಲಿ ಹದಿನಾಲ್ಕು. ಕಳೆದುಕೊಂಡದ್ದು ಒಂದೆರಡು ಕಿ.ಮೀ. ವೇಗ ಅಷ್ಟೇ. ಸ್ವಲ್ಪ ಸಪಾಟು ಬಂದ ಕೂಡಲೇ ಮೂರಕ್ಕೆ ಹಾಕಿದರೆ ಹಿಡಿದುಕೊಳ್ಳುತ್ತದೆ, ಮೊದಲು ಅಲ್ಲೇ ಉಸಿರು ಬಿಡುತ್ತಿತ್ತು. ಮಾರನಹಳ್ಳಿ ಬಂದರೂ ಮೇಸ್ತ್ರಿ ಮಾತಾಡಲಿಲ್ಲ. ಘಾಟಿಯ ತುದಿಯ ದೋಣಿಗಾಲ್ ದಾಟಿದ ಮೇಲೆ "ಇನ್ನೊಂದು ಗಾಡಿಗೆ ಮಾಡೋಣ್ವಾ ಅಣ್ಣ?" ಅಂದ. ಹಾಸನದಿಂದ ಆಚೆ ಬಯಲಲ್ಲಿ ಅರವತ್ತರ ಓಟಕ್ಕೆ 2,100 ಬೇಕಿತ್ತು, ಈಗ 1,800. ಡೀಸೆಲ್ ಉಳಿಯುವುದು ನಿಜಕ್ಕೂ ಅಲ್ಲೇ.

ಇಳಿಯುವಾಗ ಎಚ್ಚರ. ಏಳರ ಪಿನಿಯನ್ ಹಾಕಿದರೆ ಎಂಜಿನ್ ಹಿಡಿತ ಕಡಿಮೆಯಾಗುತ್ತದೆ. ಮೆಕ್ಕೆಜೋಳ ತುಂಬಿಕೊಂಡು ಮಂಗಳೂರಿಗೆ ಇಳಿಯುವಾಗ ಮಾರನಹಳ್ಳಿಗೆ ಮೊದಲೇ ಎರಡಕ್ಕೆ ಹಾಕಿ, ಎಕ್ಸಾಸ್ಟ್ ಬ್ರೇಕ್ ಹಿಡಿದು ಇಳಿಯುತ್ತೇನೆ. ಮೊದಲು ಮೂರರಲ್ಲಿ ಇಳಿದು ಅಭ್ಯಾಸ ಇದ್ದವರು ಅದನ್ನು ಮರೆಯಲೇಬೇಕು. ಡ್ರೈವರಿಗೆ ಗಾಡಿ ಕೊಡುವ ಮೊದಲು ಇದನ್ನು ಪಕ್ಕದಲ್ಲಿ ಕೂತು ಕಲಿಸಿ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ನಮ್ಮ ಕಡೆ ಗಾಡಿ ಬಿಸಿಯಾದರೆ ಥರ್ಮೋಸ್ಟಾಟ್ ಕಿತ್ತು ಬಿಸಾಕುತ್ತಾರೆ, ನನ್ನ ಗಾಡಿಯಲ್ಲೂ ಹಿಂದಿನ ಓನರ್ ಕಿತ್ತಿದ್ದ. ನಿಧಾನ ಓಡುವ ಎಂಜಿನ್ ಸಕಲೇಶಪುರದ ಚಳಿಯಲ್ಲಿ ಬಿಸಿಯೇ ಏರುವುದಿಲ್ಲ, ಡೀಸೆಲ್ ಸರಿಯಾಗಿ ಉರಿಯುವುದಿಲ್ಲ. ಎಂಟುನೂರು ರೂಪಾಯಿಯ ಥರ್ಮೋಸ್ಟಾಟ್ ಹಾಕಿದೆ. ಬೆಳಗಿನ ಬಿಳಿ ಹೊಗೆ ನಿಂತಿತು, ಮೈಲೇಜೂ ಒಂದು ಪಾಯಿಂಟ್ (ಲೀಟರಿಗೆ ನೂರು ಮೀಟರ್) ಏರಿತು. ಹಿಂದಕ್ಕೆ ರೇಡಿಯಲ್ ಟೈರ್ ಹಾಕಿದ್ದರಿಂದ ಇನ್ನೊಂದೆರಡು ಪಾಯಿಂಟ್. ನಾಲ್ಕೂವರೆಯಲ್ಲಿ ಇವುಗಳ ಪಾಲೂ ಇದೆ, ಪಿನಿಯನ್ನಿನದ್ದೇ ಪೂರ್ತಿ ಅಲ್ಲ. ಹೊಂಗೆ ಬಯೋಡೀಸೆಲ್ ಕೂಡ ನೋಡಿದೆ. ನಮ್ಮ ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇರುವುದರಿಂದ ಹೊಂಗೆ ಎಣ್ಣೆಯ ಮಾತು ನಮಗೆ ಹೊಸದಲ್ಲ. ಐದರಲ್ಲಿ ಒಂದು ಪಾಲು ಬೆರೆಸಿ ಓಡಿಸಿದೆ. ಮೊದಲು ಟ್ಯಾಂಕಿನ ತಳದ ಹಳೇ ಕೊಳೆಯೆಲ್ಲ ಎದ್ದು ಫಿಲ್ಟರ್ ಕಟ್ಟಿತು. ಆಮೇಲೆ ಸದ್ದು ಮೆತ್ತಗಾಯಿತು, ಹೊಗೆ ಕಡಿಮೆಯಾಯಿತು. ಮೈಲೇಜಿನಲ್ಲಿ ಲಾಭ ಕಾಣಲಿಲ್ಲ, ಹಾಗಾಗಿ ಮುಂದುವರಿಸಲಿಲ್ಲ. ಹೊಸ ಕಾಮನ್ ರೈಲ್ ಎಂಜಿನ್ನಿನಲ್ಲಿ ಇಂಥದ್ದಕ್ಕೆ ಕೈ ಹಾಕಬೇಡಿ.

ಖರ್ಚು. ಎಂಜಿನ್ ಕೆಲಸ ಒಂದು ಲಕ್ಷದ ನಲವತ್ತು ಸಾವಿರ, ಪಂಪು-ನಾಝಲ್ ನಲವತ್ತೈದು, ಟರ್ಬೊ ಇಪ್ಪತ್ತು, ಕ್ರೌನ್-ಪಿನಿಯನ್ ಮೂವತ್ತೆರಡು, ಕೆಟ್ಟುಹೋದ ಸುತ್ತುಗಳದ್ದು ಮತ್ತು ಚಿಲ್ಲರೆ ಸೇರಿ ಮೂರು ಲಕ್ಷದ ಹತ್ತಿರ. ತಿಂಗಳಿಗೆ ನಾಲ್ಕೂವರೆ ಸಾವಿರ ಕಿ.ಮೀ. ಓಡುತ್ತೇನೆ. ಇನ್ನೂರು ಲೀಟರ್ ಉಳಿಯುತ್ತದೆ, ಅಂದರೆ ಹದಿನೆಂಟು ಸಾವಿರ. ಒಂದೂವರೆ ವರ್ಷದೊಳಗೆ ಹಾಕಿದ ದುಡ್ಡು ವಾಪಸ್. ಎಂಜಿನ್ ನಂಬರ್ ಅದೇ, ಆರ್‌ಸಿಯಲ್ಲಿ ತಿದ್ದುವ ತಲೆನೋವಿಲ್ಲ. ಎಫ್‌ಸಿಗೆ (ಫಿಟ್ನೆಸ್ ತಪಾಸಣೆಗೆ) ಹೋದಾಗ ಹೊಗೆ ಮೀಟರಿನಲ್ಲಿ 65ರ ಮಿತಿಗೆ ನನ್ನದು ನಲವತ್ತರ ಒಳಗೆ ಬಂತು. ಇಪ್ಪತ್ತು ವರ್ಷದ ಎಂಜಿನ್ನಿಗೆ ಇದು ಹೆಮ್ಮೆಯ ವಿಷಯ, ಅಲ್ವಾ?

ಹೊಸದೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಭಾವನ ಗಾಡಿ ಅದೇ ಲೋಡಿನಲ್ಲಿ ಗುಂಡ್ಯದಿಂದ ದೋಣಿಗಾಲಿಗೆ ನನಗಿಂತ ಹತ್ತು-ಹನ್ನೆರಡು ನಿಮಿಷ ಮೊದಲು ಸೇರುತ್ತದೆ. ಮುಂಬೈ, ದೆಹಲಿ ಓಡಿಸುವವರಿಗೆ ಹೊಸದೇ ಸರಿ. ಆದರೆ ಒಂದನ್ನು ಗಮನಿಸಿ. ಹೊಸಕೋಟೆಯಲ್ಲಿ ತಯಾರಾಗುವ ವೋಲ್ವೋ ದೊಡ್ಡ ಲಾರಿಗಳನ್ನು ನೋಡಿ, 13 ಲೀಟರಿನ ಎಂಜಿನ್, ಅದೂ ಸಾಲಿಗೆ ಆರು ಸಿಲಿಂಡರೇ, ಹೆದ್ದಾರಿಯಲ್ಲಿ ಓಡುವುದು 1,200ರ ಆಸುಪಾಸು. ಟಾಟಾದ ಈಗಿನ 6.7 ಲೀಟರ್ ಕಮಿನ್ಸ್ ಕೂಡ ಆರೇ, ಅದರ ಬಲವೂ ಕೆಳಗಿನ ಆರ್‌ಪಿಎಂನಲ್ಲೇ. ಭಾರ ಎಳೆಯಲು ಗೊತ್ತಿರುವವರೆಲ್ಲ ಹೋಗಿರುವುದು ಇದೇ ದಾರಿಯಲ್ಲಿ. ಚಿಕ್ಕ ಎಂಜಿನ್ನಿಗೆ ಗಾಳಿ ತುರುಕಿ ಕಾಗದದ ಮೇಲೆ ಎಚ್‌ಪಿ ತೋರಿಸುವುದು ನನಗೆ ಹಿಡಿಸುವುದಿಲ್ಲ.

ಇದನ್ನು ಓದಿ ನಾಳೆಯೇ ಪಿನಿಯನ್ ತರಲು ಹೊರಡುವವರಿಗೆ ಎರಡು ಮಾತು. ಪಂಪಿನ ಕೆಲಸ ಮುಗಿಸದೆ ಪಿನಿಯನ್ ಮುಟ್ಟಬೇಡಿ, ಮೇಸ್ತ್ರಿ ಹೇಳಿದಂತೆ ಗುಂಡ್ಯದಲ್ಲೇ ನಿಲ್ಲುತ್ತದೆ. ಓವರ್‌ಲೋಡ್ ಹಾಕುವವರು ಮತ್ತು ಹತ್ತು ಚಕ್ರದ ಗಾಡಿಗೆ ಇದೇ 697 ಇಟ್ಟುಕೊಂಡವರು ಆರರ ಪಿನಿಯನ್ನಿನಲ್ಲೇ ಇರಿ. ನಿಮ್ಮ ಭಾರಕ್ಕೆ 42 ಕೆಜಿ ಮೀಟರ್ ಸಾಲುವುದಿಲ್ಲ.